ಕೆಂಚಣ್ಣನ ಮುರಿಯದ ಗೇರು

ನಮ್ಮ ಆದೋನಿಯಲ್ಲಿ ಯಾವುದನ್ನೇ ಆಗಲಿ ತೂಕ ನೋಡಿಯೇ ನಂಬುತ್ತಾರೆ. ಹತ್ತಿಗೆ, ಶೇಂಗಾಕ್ಕೆ ತಕ್ಕಡಿ ಬೇಕು, ಒಪ್ಪೋಣ. ಆದರೆ ಇಲ್ಲಿನ ಮಿಲ್ಲಿನವರು ಮಷಿನ್ನಿನ ಹಲ್ಲುಗಾಲಿಯನ್ನು, ಅಂದರೆ ಗೇರನ್ನೂ ಅಂಗೈಯಲ್ಲಿ ಎತ್ತಿ ಎತ್ತಿ ನೋಡಿ, "ಹಗುರೈತಲ್ಲೋ" ಎಂದು ಮೂಗು ಮುರಿಯುತ್ತಾರೆ. ಭಾರ ಇದ್ದರೆ ಬಲ ಇದ್ದಂತೆ ಎಂಬುದು ಇವರ ವೇದವಾಕ್ಯ. ನಾನು ಇಪ್ಪತ್ತೆಂಟು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಮಷಿನ್ ಡ್ರಾಯಿಂಗ್ ಹೇಳಿಕೊಟ್ಟವನು. ಅದು ಸುಳ್ಳೆಂದು ಕರಿಹಲಗೆಯ ಮೇಲೆ ನೂರು ಸಲ ಬರೆದೆ. ಹುಡುಗರು ಬರೆದುಕೊಂಡರು, ಪಾಸಾದರು, ಮಿಲ್ಲಿಗೆ ಸೇರಿದ ಮೇಲೆ ಅವರೂ ಗೇರನ್ನು ಎತ್ತಿ ನೋಡತೊಡಗಿದರು.

ನಿವೃತ್ತಿಯಾದ ಮೂರನೇ ದಿನ ನನ್ನ ಹೆಂಡತಿ ಪ್ರೇಮಾಬಾಯಿ, "ಮನಿಯಾಗ ಕಾಲಿಗೆ ಅಡ್ಡಡ್ಡ ಬರಬ್ಯಾಡ್ರಿ, ಎಲ್ಲೆರ ಹೋಗಿ ಕೂಡ್ರಿ" ಎಂದಳು. ಹಾಗೆ ಹೋಗಿ ಕೂತದ್ದು ನಮ್ಮ ಓಣಿಯ ತುದಿಯ ಕೆಂಚಣ್ಣನ ವರ್ಕ್‌ಶಾಪಿನಲ್ಲಿ. ಐದು ವರ್ಷವಾಯಿತು, ಇನ್ನೂ ಎದ್ದಿಲ್ಲ.

ತಗಡಿನ ಶೆಡ್ಡು. ಒಂದು ಲೇತು, ಕೆಂಚಣ್ಣನಿಗಿಂತ ವಯಸ್ಸಾದ ಒಂದು ಮಿಲ್ಲಿಂಗ್ ಮಷಿನ್ನು, ಮೂಲೆಯಲ್ಲಿ ಕಬ್ಬಿಣ ಕಾಯಿಸುವ ಸಣ್ಣ ಕುಲುಮೆ, ಬಾಗಿಲ ಹತ್ತಿರ ನನ್ನ ಸ್ಟೂಲು. ಅವನು ಹದಿನಾರನೇ ವಯಸ್ಸಿಗೆ ಮದ್ದಿಕೇರದಿಂದ ಬಂದವನು, ಈಗ ಐವತ್ತರ ಹತ್ತಿರ. ಕಲಿತದ್ದು ಏಳನೇ ಕ್ಲಾಸು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಮಾತು ಇವನಿಗೆ ಸರಿಯಾಗಿ ಒಪ್ಪುತ್ತದೆ. ನಾನು ಕಾಗದದ ಮೇಲೆ ಲೆಕ್ಕ ಮುಗಿಸುವ ಮೊದಲೇ ಅವನು ಗೇರಿಗೆ ಹಲ್ಲು ಕೊಯ್ದು ಮುಗಿಸಿರುತ್ತಿದ್ದ. ಮೂವರು ತಂಗಿಯರ ಮದುವೆ ಮಾಡಿ ತಿರುಗಿ ನೋಡುವಷ್ಟರಲ್ಲಿ ಅವನ ಮದುವೆಯ ವಯಸ್ಸು ದಾಟಿಹೋಗಿತ್ತು. ಅದನ್ನು ಯಾರ ಮುಂದೂ ಹೇಳಿಕೊಂಡವನಲ್ಲ. ಅವನ ಹತ್ತಿರ ಇರುವುದೇ ಮೂರು ಉತ್ತರ: "ಆತ್ರಿ", "ಇಲ್ರಿ", "ನೋಡೋಣ್ರಿ".

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ನಾಗೇಶನ ಗೂಡ್ಸ್ ಆಟೋ ಶೆಡ್ಡಿನ ಮುಂದೆ ನಿಂತಿತು. ನಾಗೇಶ ಎಮ್ಮಿಗನೂರಿನವನು, ಆದೋನಿಗೂ ಎಮ್ಮಿಗನೂರಿಗೂ ನೂಲು, ಬಟ್ಟೆ ಸಾಗಿಸುವುದು ಅವನ ಕೆಲಸ. ಹಿಂದೆ ಬಟ್ಟೆಯ ಗಂಟುಗಳ ನಡುವೆ ಸರ್ಕಾರ ಕೊಡುವ ಮೂರುಗಾಲಿ ಸೈಕಲ್ಲು, ಕೈಯಿಂದ ಪೆಡಲ್ ತಿರುವುವಂಥದ್ದು. ಅದರ ಪಕ್ಕದ ಗಂಟಿನ ಮೇಲೆ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು, ಮಹೇಶ್ವರಿ. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೋ ಬಂದು ಆಕೆಯ ಎರಡೂ ಕಾಲು ಸೋತಿದ್ದವು. ಮಗ್ಗದ ಕುಣಿಗೆ ಕಾಲಿಳಿಸಿ ನೇಯಲು ಆಗದು. ಹಾಗಾಗಿ ನೇಕಾರರ ಮನೆಗಳಿಗೆ ರಾಟೆಯ ಮೇಲೆ ನೂಲಿನ ಕಂಡಿಕೆ ಸುತ್ತಿ ಕೊಟ್ಟು ಬದುಕು ಮಾಡಿದ್ದಳು. ದಿನವಿಡೀ ರಾಟೆ ತಿರುವಿದ ತೋಳುಗಳು. ನನ್ನಂಥವನು ಕೈ ಕುಲುಕಿದರೆ ಬೆರಳು ಎಣಿಸಿಕೊಳ್ಳಬೇಕು.

"ಮೇಸ್ತ್ರೀ, ಇದು ಏರು ಹತ್ತಂಗಿಲ್ರಿ. ಸಪಾಟ ರೋಡಿಗೆ ಓಡತೈತಿ, ಏರು ಬಂದ್ರ ನಿಂತಬಿಡತೈತಿ. ಗೇರು ಹಾಕಿ ಕೊಡ್ರಿ" ಎಂದಳು.

"ಎಲ್ಲಿ ಏರು?"

"ನಾಗಲದಿನ್ನಿ ದಾರ್ಯಾಗ."

ನಾಗಲದಿನ್ನೆ ಆಕೆಯ ತವರು, ತುಂಗಭದ್ರೆಯ ದಂಡೆಯ ಊರು. ಆಕೆಯ ಅಕ್ಕ ಅಕ್ಕನಾಗಮ್ಮ ಈಗಲೂ ಅಲ್ಲೇ ಇದ್ದಾಳೆ. ಹನ್ನೊಂದನೇ ವರ್ಷದವರೆಗೂ ಆ ಅಕ್ಕ ಇವಳನ್ನು ಸೊಂಟದ ಮೇಲೆ ಹೊತ್ತು ದಿನಾ ಹೊಳೆಗೆ ಒಯ್ಯುತ್ತಿದ್ದಳಂತೆ. ಆಮೇಲೆ ಇವಳ ಭಾರ ಹೆಚ್ಚಾಯಿತು, ಅಕ್ಕನಿಗೆ ಮದುವೆಯಾಯಿತು, ಇವಳು ಎಮ್ಮಿಗನೂರಿನ ಚಿಕ್ಕಮ್ಮನ ಮನೆ ಸೇರಿದಳು.

"ಊರಿಗೆ ಹೋಗೀನ್ರಿ, ಇಲ್ಲಂತಲ್ಲ. ಬಸ್ಸಿಗೆ ಒಬ್ರು ಎತ್ತಬೇಕು, ಇನ್ನೊಬ್ರು ಇಳಸಬೇಕು, ಹೊಳಿಗಂದ್ರ ಮತ್ತ ಇಬ್ರನ್ನ ಕರೀಬೇಕು. ಅದು ನಾ ಹೋಗಿದ್ದಲ್ಲ ಮೇಸ್ತ್ರೀ, ನನ್ನನ್ನ ಒಯ್ದದ್ದು. ಒಂದ್ಸಲ ಯಾರ ಕೈಯೂ ತಾಕಿಸಿಕೊಳ್ಳದಂಗ ಹೊಳಿಗೆ ಹೋಗಬೇಕ್ರಿ."

ಹೇಳುವಾಗ ಆಕೆಯ ದನಿಯಲ್ಲಿ ಅಳು ಇರಲಿಲ್ಲ. ಅಂಗಡಿಯಲ್ಲಿ ಸಾಮಾನು ಕೇಳುವವರ ಹಾಗೆ ಕೇಳಿದಳು. ಕೆಂಚಣ್ಣ "ನೋಡೋಣ್ರಿ" ಎಂದ.

ಲೆಕ್ಕ ಸುಲಭ. ಪೆಡಲಿಗೂ ಚೈನಿಗೂ ನಡುವೆ ಒಂದು ಜೋಡಿ ಗೇರು. ಇಪ್ಪತ್ತು ಹಲ್ಲಿನ ಸಣ್ಣದು ಐವತ್ತು ಹಲ್ಲಿನ ದೊಡ್ಡದನ್ನು ತಿರುಗಿಸಬೇಕು. ಕೈ ಹೆಚ್ಚು ಸುತ್ತು ತಿರುವಬೇಕಾದರೂ ಏರು ಹಗುರಾಗುತ್ತದೆ. ಒಂದೇ ತೊಡಕು, ಪೆಡಲನ್ನು ಹಿಂದಕ್ಕೆ ತಿರುವಿದರೆ ಸೈಕಲ್ಲು ಮುಂದಕ್ಕೆ ಹೋಗುತ್ತದೆ. "ರಾಟಿ ಹಂಗ ಐತಿ ಬಿಡ್ರಿ" ಎಂದು ಆಕೆ ಅದನ್ನು ತಳ್ಳಿಹಾಕಿದಳು.

ಆದರೆ ಕೆಂಚಣ್ಣ ಎಷ್ಟಾದರೂ ಆದೋನಿಯ ಮೇಸ್ತ್ರಿ. ಹತ್ತಿ ಮಿಲ್ಲಿಗೆ ಗೇರು ಕೊಯ್ದು ಪಳಗಿದ ಕೈ. ಬೀಡು ಕಬ್ಬಿಣದಲ್ಲಿ ಮೂರು ಕಿಲೋ ಮೇಲಿನ ಒಂದು ಗೇರು ಮಾಡಿ, ಅಂಗೈಯಲ್ಲಿ ಎತ್ತಿ ನೋಡಿ, ತೃಪ್ತಿಯಿಂದ ಕೂಡಿಸಿ ಕಳಿಸಿದ. ಹದಿನೈದು ದಿನಕ್ಕೆ ಮಹೇಶ್ವರಿ ಭುಜ ಒತ್ತಿಕೊಳ್ಳುತ್ತ ತಿರುಗಿ ಬಂದಳು.

"ಏರು ಹತ್ತಿತ್ರಿ. ಆದ್ರ ನಿಮ್ಮ ಗೇರು ನನ್ನ ಹೊತ್ತಿಲ್ಲ, ಅದನ್ನ ನಾ ಹೊತ್ತೀನಿ."

"ಬಲ ಬೇಕಂದ್ರ ತೂಕ ಬೇಕಲ್ರಿ" ಎಂದ ಕೆಂಚಣ್ಣ.

ಆಕೆ ತನ್ನ ಸೀರೆಯ ಅಂಚನ್ನು ಮುಂದೆ ಚಾಚಿದಳು. "ಇದನ್ನ ಹಿಡದು ನೋಡ್ರಿ. ಎಳದಾಟ ಎಲ್ಲಾ ಅಂಚಿಗೆ. ಅದಕ್ಕ ಅಂಚಿನಾಗ ಜೋಡಿ ಎಳಿ ಹಾಕತೀವಿ, ನಡುವ ಒಂದೊಂದ ಎಳಿ. ಸೀರಿ ತುಂಬ ಜೋಡಿ ಎಳಿ ಹಾಕಿದ್ರ ಅದು ಸೀರಿ ಅಲ್ರಿ, ಗೋಣಿತಟ್ಟು."

ನಾನು ಸ್ಟೂಲಿನಿಂದ ಎದ್ದೇಬಿಟ್ಟೆ. ಇಪ್ಪತ್ತೆಂಟು ವರ್ಷ ನಾನು ಸೀಮೆಸುಣ್ಣ ಸವೆಸಿ ಹೇಳಿದ್ದನ್ನು ಈ ಹೆಂಗಸು ಒಂದು ಮೊಳ ಬಟ್ಟೆಯಲ್ಲಿ ಹೇಳಿದ್ದಳು. ಎಲ್ಲಿ ಜಗ್ಗುವುದೋ ಅಲ್ಲಿ ಲೋಹ ಇಡು, ಉಳಿದಲ್ಲಿ ತೆಗೆದುಹಾಕು. ಕೆಂಚಣ್ಣ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ತಟ್ಟನೆ ಬಿಟ್ಟ. ಆಕೆ ಹೋದ ಮೇಲೂ ಆ ಎರಡು ಬೆರಳನ್ನೇ ನೋಡಿಕೊಳ್ಳುತ್ತಿದ್ದ. ನಾನು ಅದನ್ನು ಕಂಡೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ. ಮೇಷ್ಟ್ರುಗಳ ಬುದ್ಧಿ ಯಾವಾಗಲೂ ಒಂದು ಬೆಂಚು ಹಿಂದೆ.

ಮುಂದಿನ ಒಂದು ತಿಂಗಳು ಅವನು ಮಿಲ್ಲಿನ ಕೆಲಸ ಬದಿಗಿಟ್ಟು ಆ ಗೇರಿನ ಹಿಂದೆ ಬಿದ್ದ. ಬೀಡು ಕಬ್ಬಿಣ ಬಿಟ್ಟು ಬಳ್ಳಾರಿಯಿಂದ ಗಟ್ಟಿ ಸ್ಟೀಲು ತರಿಸಿದ. ಸ್ಟೀಲಿಗೆ ಬಲ ಹೆಚ್ಚಾದ್ದರಿಂದ ಗೇರಿನ ದಪ್ಪವನ್ನು ಅರ್ಧಕ್ಕಿಂತ ಕಡಿಮೆ ಮಾಡಿದೆವು. ಹಲ್ಲಿರುವ ಸುತ್ತಿನಲ್ಲೂ ಶಾಫ್ಟು ಕೂಡುವ ನಡುವಿನಲ್ಲೂ ಮಾತ್ರ ದಪ್ಪ ಉಳಿಸಿ, ಮಧ್ಯದ ತಟ್ಟೆಯನ್ನು ತೆಳ್ಳಗೆ ಕೊರೆದೆವು. ಆ ತಟ್ಟೆಯಲ್ಲೂ ಆರು ದುಂಡು ತೂತು. ತೂತಿನಿಂದ ಆರು ಬಿಲ್ಲೆಗಳು ಕಳಚಿ ಬಿದ್ದವು. ದೊಡ್ಡ ಗೇರು ಏಳುನೂರು ಗ್ರಾಮಿಗೆ ಇಳಿಯಿತು. ಮಹೇಶ್ವರಿ ಅದನ್ನು ಒಂದೇ ಬೆರಳಿಗೆ ನೇತುಹಾಕಿ, "ಹಪ್ಪಳದಂಗೈತಲ್ರೀ!" ಎಂದು ನಕ್ಕಳು. ಕೆಂಚಣ್ಣನೂ ನಕ್ಕ. ಅವನಿಗೆ ಒಂದು ಬದಿಗೆ ಕುಳಿ ಬೀಳುತ್ತದೆಂದು ನನಗೆ ಗೊತ್ತಾದದ್ದು ಆವತ್ತೇ.

ನಾಲ್ಕು ತಿಂಗಳಿಗೆ ಫೋನು ಬಂತು. "ಹಲ್ಲು ಹೋತ್ರಿ ಮೇಸ್ತ್ರೀ." ಸಣ್ಣ ಗೇರಿನ ಒಂದು ಹಲ್ಲು ಮುರಿದಿತ್ತು. ಆಕೆ ಮತ್ತೆ ನಾಗೇಶನ ಆಟೋದಲ್ಲಿ ಬಂದಳು. ಹೊಸದು ಕೊಯ್ದು, ಕಾಯಿಸಿ ಎಣ್ಣೆಗೆ ಅದ್ದಿ, ಹದ ಹಾಕಿ ಕೂಡಿಸುವುದಕ್ಕೆ ಇಡೀ ದಿನ ಬೇಕು. ನಾಗೇಶ ಊರೆಲ್ಲ ಸುತ್ತಿ ಬರುವುದು ಸಂಜೆ ಐದಕ್ಕೆ. ಅಲ್ಲಿಯವರೆಗೆ ಆಕೆ ಬೇವಿನ ಗಿಡದ ನೆರಳಲ್ಲಿ ಕೂತು ಕಂಡಿಕೆ ಸುತ್ತುತ್ತ ಮಾತಾಡುತ್ತಿದ್ದಳು. ಹೊಳೆಯ ಮಾತು, ಅಕ್ಕನ ಮಾತು, ಪಕ್ಕದ ಮನೆಯ ಕನ್ನಡದ ಅತ್ತೆ, ತೆಲುಗಿನ ಸೊಸೆಯ ಜಗಳದ ಮಾತು. ಸೊಸೆಯ ಮಾತನ್ನು ತೆಲುಗಿನಲ್ಲೂ ಅತ್ತೆಯ ಮಾತನ್ನು ಕನ್ನಡದಲ್ಲೂ ಆಡಿ ತೋರಿಸುತ್ತಿದ್ದಳು. ಕೆಂಚಣ್ಣ ಲೇತು ನಿಲ್ಲಿಸಿ ನಿಲ್ಲಿಸಿ ಕೇಳುತ್ತಿದ್ದ. ತನ್ನ ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿಯನ್ನು ಆಕೆಗೆ ಕೊಟ್ಟು, "ನಂದು ಆಗೈತ್ರಿ" ಎಂದು ಸುಳ್ಳು ಹೇಳುತ್ತಿದ್ದ.

ಇನ್ನೂ ಐದು ತಿಂಗಳಿಗೆ ಮತ್ತೊಂದು ಹಲ್ಲು ಹೋಯಿತು. ಆಮೇಲೆ ಮತ್ತೊಂದು. ಫೋನು ಬಂದ ಮರುದಿನ ಶೆಡ್ಡು ಗುಡಿಸಿ ನೀರು ಚಿಮುಕಿಸಿರುತ್ತಿತ್ತು. ನಮ್ಮ ಮನೆಯ ಮುಂದೆ ಅವನು ಹಾದುಹೋಗುವುದನ್ನು ಕಂಡು ಪ್ರೇಮಾಬಾಯಿ ಹೇಳುತ್ತಿದ್ದಳು: "ಕೆಂಚಣ್ಣ ಗಡ್ಡ ಮಾಡಿಸ್ಕೊಂಡಾನ, ಇಸ್ತ್ರಿ ಅಂಗಿ ಹಾಕ್ಯಾನ. ಗೇರು ಮುರದಿರಬೇಕು ನೋಡ್ರಿ."

ಉಳಿದ ದಿನಗಳಲ್ಲಿ ಅವನು ಬರೀ ಕಾಯುತ್ತಿದ್ದ. ರಸ್ತೆಯಲ್ಲಿ ಗೂಡ್ಸ್ ಆಟೋದ ಹಾರ್ನು ಕೇಳಿದರೆ ಮಷಿನ್ನಿನ ಮೇಲಿದ್ದ ಕೈ ನಿಲ್ಲುತ್ತಿತ್ತು. ಹಾರ್ನು ದಾಟಿ ಹೋದ ಮೇಲೆ ಮತ್ತೆ ಶುರು. ಇಷ್ಟು ದೊಡ್ಡ ಗಂಡಸು ಹೀಗೆ ಹಂಬಲಿಸುವುದನ್ನು ಪಕ್ಕದಲ್ಲಿ ಕೂತು ನೋಡುವುದು ಸುಲಭವಲ್ಲ. "ಫೋನ್ ಮಾಡಿ ಮಾತಾಡೋ" ಎಂದರೆ, "ಏನಂತ ಮಾಡಲ್ರಿ?" ಎನ್ನುತ್ತಿದ್ದ.

ನಾಲ್ಕನೇ ಹಲ್ಲು ಮುರಿದದ್ದು ಹೋದ ವರ್ಷ ಶಿವರಾತ್ರಿಯ ನಂತರ. ಆ ಸಲ ಆಕೆ ನಗುತ್ತ ಇಳಿಯಲಿಲ್ಲ.

"ಕಡೀಗೂ ಧೈರ್ಯ ಮಾಡಿ ಊರಿಗೆ ಹೊಂಟಿದ್ದೆ ಮೇಸ್ತ್ರೀ. ಹೊಳಿ ಇನ್ನೊಂದು ನಾಕು ಕಿಲೋಮೀಟರ್ ಇತ್ತು. ಏರಿನ ನಡುವ ಟಕ್ ಅಂತು. ಬಿಸಿಲಾಗ ಎರಡು ತಾಸು ಕುಂತೆ. ಆಮ್ಯಾಲ ಮೆಣಸಿನಕಾಯಿ ಚೀಲದ ಟ್ರ್ಯಾಕ್ಟರ್ ಬಂತು, ಅದರಾಗ ಹಾಕ್ಕೊಂಡು ಬಂದ್ರು." ಆಮೇಲೆ ಹೇಳಿದಳು: "ನಂದ ತಪ್ಪಿರಬೇಕ್ರಿ. ಹೊಳಿ ಹತ್ರ ಬಂತಂತ ಜೋರು ತಿರುವಿದೆ."

ಕೆಂಚಣ್ಣ ಗೇರು ಬಿಚ್ಚಿ ಒಳಗೆ ಬಂದ. ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು.

ನನಗೆ ಅನುಮಾನ ಬಂದು ಮುರಿದ ಹಲ್ಲನ್ನು ಕೈಗೆ ತೆಗೆದುಕೊಂಡೆ. ಪೇಪರು ಓದುವ ಭೂತಗನ್ನಡಿ ಹಿಡಿದು ನೋಡಿದೆ. ಬಿರುಕು ಶುರುವಾದದ್ದು ಹಲ್ಲಿನ ಬುಡದಲ್ಲಿ, ಹಲ್ಲು ಗೇರಿನ ಮೈಗೆ ಕೂಡುವ ಮೂಲೆಯಲ್ಲಿ. ಆ ಮೂಲೆ ಚಾಕುವಿನಂತೆ ಚೂಪಾಗಿತ್ತು. ಬುಡ ದುಂಡಗಿದ್ದರೆ ಜಗ್ಗಾಟ ಹರಡಿಹೋಗುತ್ತದೆ, ಚೂಪಾಗಿದ್ದರೆ ಅಲ್ಲೇ ಸೇರಿ ಸೀಳುತ್ತದೆ. ಇದು ನನ್ನ ಮೂರನೇ ಪಾಠ, ಹುಡುಗರಿಗೆ ಖಾತ್ರಿ ಬರುವ ಪ್ರಶ್ನೆ. ಹಲ್ಲು ಕೊಯ್ಯುವ ಕಟ್ಟರನ್ನು ಕೆಂಚಣ್ಣ ತಾನೇ ಮಸೆದುಕೊಳ್ಳುತ್ತಾನೆ. ಅದರ ಮೂಲೆಯನ್ನು ಎಣ್ಣೆಗಲ್ಲಿಗೆ ನಾಲ್ಕು ಸಲ ತಿಕ್ಕಿದರೆ ಬುಡ ದುಂಡಗಾಗುತ್ತದೆ. ಹಲಗೆಯ ಮೇಲೆ ಅವನ ಕಟ್ಟರುಗಳು ಸಾಲಾಗಿದ್ದವು. ಮಿಲ್ಲುಗಳವು ಎಲ್ಲವೂ ದುಂಡು ಮೂಲೆಯವು. ಒಂದೇ ಒಂದು ಚೂಪಿನದು, ಮಹೇಶ್ವರಿಯದು.

"ಕೆಂಚಣ್ಣ, ಇದು ಮರತದ್ದಲ್ಲ" ಎಂದೆ.

ಕಳ್ಳನ ಮನಸ್ಸು ಹುಳ್ಳುಹುಳ್ಳಗೆ. ಅವನು ನನ್ನ ಮುಖ ನೋಡಲಿಲ್ಲ. "ಮೊದಲನೇ ಸಲ ಮರತದ್ದೇರಿ ಸಾರ್. ದೇವರಾಣಿ. ಅವಸರದಾಗ ಮಸದಿದ್ದೆ."

"ಎರಡನೇ ಸಲ?"

"ಗೊತ್ತಿತ್ತು." ಮುರಿದ ಹಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡ. "ಮುರೀಲಿಲ್ಲಂದ್ರ ಆಕಿ ಯಾಕ ಬರತಾಳ್ರಿ?"

ನನ್ನ ಜೀವಮಾನದಲ್ಲಿ ಯಾವ ವಿದ್ಯಾರ್ಥಿಯನ್ನೂ ಬೈಯದಷ್ಟು ಅವನನ್ನು ಬೈದೆ. ಕಾಲಿಲ್ಲದವಳ ಕಾಲು ಮುರಿದೆಯಲ್ಲೋ, ನಿನ್ನ ಆಸೆಗೆ ಆಕೆಯ ಹೊಳೆಯನ್ನು ಅಡ ಇಟ್ಟುಕೊಂಡೆಯಲ್ಲೋ ಎಂದೆ. ಅವನು ತಲೆ ಎತ್ತಲಿಲ್ಲ. ಚೂಪು ಕಟ್ಟರನ್ನು ತೆಗೆದುಕೊಂಡು ಎಣ್ಣೆಗಲ್ಲಿಗೆ ತಿಕ್ಕಿದ. ಒಂದು, ಎರಡು, ಮೂರು, ನಾಲ್ಕು. ಅಷ್ಟೇ ಕೆಲಸ. ಇಷ್ಟು ಸಣ್ಣ ಕೆಲಸ ಮಾಡದೆ ಬಿಡುವುದಕ್ಕೆ ಅವನಿಗೆ ಎಷ್ಟು ಕಷ್ಟವಾಗಿರಬೇಕು ಎಂದು ನನಗೆ ಆಗ ಹೊಳೆಯಿತು. ಒಂದೇ ಒಂದು ಕೆಟ್ಟ ಗೇರು ಶೆಡ್ಡಿನಿಂದ ಹೊರಗೆ ಹೋಗಗೊಡದ ಮನುಷ್ಯ ಅವನು. ಬೈದದ್ದಕ್ಕೆ ನನಗೂ ದುಃಖವಾಯಿತು, ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆವತ್ತು ಕೊಯ್ದ ಸಣ್ಣ ಗೇರು ನಾನು ಕಂಡ ಗೇರುಗಳಲ್ಲೆಲ್ಲ ಒಳ್ಳೆಯದು. ಎರಡು ಮಿಲಿಮೀಟರ್ ಅಗಲ ಹೆಚ್ಚಿಸಿದ. ಪ್ರತಿ ಹಲ್ಲಿನ ಬುಡವನ್ನೂ ದುಂಡಗೆ ಕೊಯ್ದು, ಮರಳುಕಾಗದ ಸುತ್ತಿದ ಕಡ್ಡಿಯಿಂದ ಉಜ್ಜಿ ಕನ್ನಡಿಯಂತೆ ಮಾಡಿದ. ಚೂಪಾದ ಒಂದು ಗೀರು ಕೂಡ ಉಳಿಯಬಾರದು. ಕಾಯಿಸಿ, ಎಣ್ಣೆಗೆ ಅದ್ದಿ, ಹದಕ್ಕೆ ಇಟ್ಟು ಬಣ್ಣ ತಿರುಗುವುದನ್ನೇ ನೋಡುತ್ತ ಕೂತ. ಮಧ್ಯಾಹ್ನ ಡಬ್ಬಿ ತೆರೆಯಲಿಲ್ಲ.

ಸಂಜೆ ಕೂಡಿಸಿ ಕೊಡುವಾಗ ಹಳೆಯ ಮುರಿದ ಗೇರನ್ನು ಆಕೆಯ ಮುಂದೆ ಹಿಡಿದ. "ಮಹೇಶ್ವರಮ್ಮಾರೆ, ತಪ್ಪು ನಿಮ್ಮ ತೋಳಿಂದಲ್ರಿ. ನಂದು. ಇದನ್ನ ಮುರಿಯಂಗ ಮಾಡಿದ್ದೆ. ಗೊತ್ತಿದ್ದ ಮಾಡಿದ್ದೆ."

ಆಕೆ ಗೇರನ್ನು ನೋಡಿದಳು, ಅವನನ್ನು ನೋಡಿದಳು. "ಯಾಕ್ರಿ?"

ಹೇಳೋ, ಈಗಲಾದರೂ ಹೇಳೋ ಎಂದು ನಾನು ಸ್ಟೂಲಿನ ಮೇಲೆ ಕೂತು ಪ್ರಾರ್ಥಿಸುತ್ತಿದ್ದೆ. ಮಹಾರಾಯ ಬಾಯಲ್ಲಿ ಕಡುಬು ತುರುಕಿಕೊಂಡವನಂತೆ ನಿಂತ.

"ಟ್ರ್ಯಾಕ್ಟರಿಗೆ ನನ್ನ ಇಬ್ರು ಎತ್ತಿ ಹಾಕಿದ್ರು ಮೇಸ್ತ್ರೀ" ಎಂದಳು ಮಹೇಶ್ವರಿ. "ಒಬ್ಬಾಂವ ತೋಳಿಗೆ, ಒಬ್ಬಾಂವ ಕಾಲಿಗೆ."

ಅವನು ಕಡೆಗೂ ಬಾಯಿ ಬಿಟ್ಟ. "ಇದು ಮುರಿಯಂಗಿಲ್ರಿ. ಇನ್ನ ನೀವು ಇಲ್ಲಿಗೆ ಬರೋದು ಬೇಕಾಗಂಗಿಲ್ಲ."

ಪ್ರಾಯಶ್ಚಿತ್ತ ಎಂದುಕೊಂಡು ಹೇಳಿದ. ಕೇಳುವವರಿಗೆ ಹೋಗು ಎಂದಂತಿತ್ತು. ನಾನು ಹಣೆ ಹಣೆ ಚಚ್ಚಿಕೊಂಡೆ. ನಾಗೇಶ ಬಂದು ಆಕೆಯನ್ನು ಹತ್ತಿಸಿಕೊಂಡು ಹೋದ. ಆಕೆ ತಿರುಗಿ ನೋಡಲಿಲ್ಲ.

ಹತ್ತು ದಿನಕ್ಕೆ ಒಂದು ಫೋನು. ಕೆಂಚಣ್ಣ ಎಣ್ಣೆಗೈಯಲ್ಲೇ ಎತ್ತಿದ. ನನಗೂ ಕೇಳುವಷ್ಟು ಜೋರಾಗಿತ್ತು: "ಹೊಳಿಗೆ ಬಂದೀನ್ರಿ. ಯಾರೂ ಎತ್ತಿಲ್ಲ." ಆಮೇಲೆ ಆಕೆ ಫೋನನ್ನು ನೀರಿನ ಕಡೆ ಹಿಡಿದಿರಬೇಕು. ಜುಳು ಜುಳು ಸದ್ದು, ದೂರದಲ್ಲಿ ಬಟ್ಟೆ ಒಗೆಯುವ ಸದ್ದು, ಆಮೇಲೆ ಏನೂ ಇಲ್ಲ. ಅವನು ಬಹಳ ಹೊತ್ತು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಕಣ್ಣಲ್ಲಿ ನೀರಿತ್ತು. ನಾನು ಪೇಪರು ಮುಖಕ್ಕೆ ಅಡ್ಡ ಹಿಡಿದೆ.

ಅದಾದ ಮೇಲೆ ಒಂದು ವರ್ಷ ನಾಲ್ಕು ತಿಂಗಳು ಸುದ್ದಿಯಿಲ್ಲ. ಗೇರು ಮುರಿಯಲಿಲ್ಲ. ಮುರಿಯುವುದೂ ಇಲ್ಲ, ಅದರ ಲೆಕ್ಕ ನಾನೇ ಹಾಕಿದ್ದೇನೆ. ಕೆಂಚಣ್ಣ ತೂತಿನಿಂದ ಬಿದ್ದಿದ್ದ ಆ ಆರು ಬಿಲ್ಲೆಗಳನ್ನು ಕಿಟಕಿಯ ಮೇಲೆ ಸಾಲಾಗಿ ಇಟ್ಟುಕೊಂಡ. ಯಾರಾದರೂ ಕೇಳಿದರೆ ವಾಷರ್ ಎನ್ನುತ್ತಿದ್ದ. ದಿನಕ್ಕೊಮ್ಮೆ ಒರೆಸುತ್ತಿದ್ದ. ನಾಗೇಶ ಸಿಕ್ಕಾಗ ಆಕೆ ಹೇಗಿದ್ದಾಳೆ ಎಂದು ಕೇಳಲಾರದೆ, "ಗೇರು ಹೆಂಗೈತೋ?" ಎಂದು ಕೇಳುತ್ತಿದ್ದ. "ಗೇರಿಗೇನಾಗೈತಣ್ಣಾ, ಸೂಪರ್" ಎನ್ನುತ್ತಿದ್ದ ನಾಗೇಶ. ತನ್ನ ಗೇರು ಚೆನ್ನಾಗಿದೆ ಎಂದು ಕೇಳಿ ಅಷ್ಟು ಬಾಡಿಹೋಗುವ ಮೇಸ್ತ್ರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಳೆದ ತಿಂಗಳು ಒಂದು ಗುರುವಾರ, ಹನ್ನೊಂದು ಗಂಟೆಯ ಹೊತ್ತು. ಯಾವ ಹಾರ್ನೂ ಕೇಳಲಿಲ್ಲ. ಬಾಗಿಲಲ್ಲಿ ನೆರಳಾಯಿತೆಂದು ತಲೆ ಎತ್ತಿದರೆ ಮೂರುಗಾಲಿ ಸೈಕಲ್ಲು, ಅದರ ಮೇಲೆ ಬೆವರಲ್ಲಿ ತೊಯ್ದ ಮಹೇಶ್ವರಿ. ಆಟೋ ಇಲ್ಲ, ನಾಗೇಶ ಇಲ್ಲ. ಬೆಳಗಾಗುವ ಮೊದಲೇ ಎಮ್ಮಿಗನೂರು ಬಿಟ್ಟು, ಅಷ್ಟೂ ದಾರಿಯನ್ನು ಕೈಯಲ್ಲೇ ತಿರುವಿಕೊಂಡು ಬಂದಿದ್ದಳು.

ಕೆಂಚಣ್ಣ ಗಡ್ಡ ಮಾಡಿಸಿರಲಿಲ್ಲ, ಅಂಗಿಯ ತುಂಬ ಎಣ್ಣೆ. ಓಡಿಬಂದು ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಗೇರಿನ ಡಬ್ಬಿಯ ಮುಚ್ಚಳ ಬಿಚ್ಚಿ, ಗ್ರೀಸು ಒರೆಸಿ, ಇಪ್ಪತ್ತು ಹಲ್ಲನ್ನೂ ಒಂದೊಂದಾಗಿ ಬೆರಳಿಟ್ಟು ನೋಡಿದ. ದೊಡ್ಡದರ ಐವತ್ತನ್ನೂ ನೋಡಿದ. ನೋಡಿದ್ದನ್ನೇ ಮತ್ತೆ ನೋಡಿದ.

"ಏನೂ ಮುರದಿಲ್ಲಲ್ರೀ" ಎಂದ.

"ಇಲ್ರಿ, ಮುರದಿಲ್ಲ."

"ಮತ್ತ?"

"ಮುರೀದಿದ್ರೂ ಬರತಿದ್ದೆ ಮೇಸ್ತ್ರೀ. ಬರ್ರಿ ಅಂತ ನೀವು ಒಂದ್ಸಲ ಕೇಳಬೇಕಿತ್ತು."

ಅವನಿಗೆ ಏಳಲಾಗಲಿಲ್ಲ. ಗ್ರೀಸಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅಲ್ಲೇ ಕೂತ. ಆಕೆ ಅವಸರ ಮಾಡಲಿಲ್ಲ. ನಾನು ಚಹಾ ತರುವ ನೆಪದಲ್ಲಿ ಎದ್ದು ಹೋದೆ. ಇಪ್ಪತ್ತು ಹೆಜ್ಜೆ ದೂರದ ಅಂಗಡಿಯಿಂದ ಚಹಾ ತರಲು ಅರ್ಧ ತಾಸು ಹಿಡಿಸಿದೆ.

ಆಕೆ ಆ ದಿನ ಊರಲ್ಲಿ ಸಂಬಂಧಿಕರ ಮನೆಯಲ್ಲಿ ಉಳಿದು ಮರುದಿನ ಹೊರಡುವವಳಿದ್ದಳು. ಸಂಜೆ ಶೆಡ್ಡಿನಿಂದ ಹೊರಟು ಪೆಡಲಿಗೆ ಕೈ ಹಾಕಿದಾಗ ಕೆಂಚಣ್ಣ ಸೈಕಲ್ಲಿನ ಹಿಡಿ ಹಿಡಿದುಕೊಂಡ. ಅವನ ಮೂರು ಉತ್ತರಗಳಲ್ಲಿ ಯಾವುದೂ ಅಲ್ಲದ ಒಂದು ಮಾತು ಕೊನೆಗೂ ಹೊರಬಂತು.

"ಮತ್ತ ಯಾವಾಗ ಬರತೀರಿ?"

"ನಾ ಬರೋದು ಆತಲ್ರಿ" ಎಂದಳು ಮಹೇಶ್ವರಿ. "ಹೊಳಿಗೂ ಹೋದೆ, ಇಲ್ಲಿಗೂ ಬಂದೆ. ನಿಮಗ ಎರಡು ಕಾಲು ಅದಾವ. ಇನ್ನ ನೀವ ಬರ್ರಿ."

ಪೆಡಲನ್ನು ಹಿಂದಕ್ಕೆ ತಿರುವಿದಳು, ಸೈಕಲ್ಲು ಮುಂದಕ್ಕೆ ಹೋಯಿತು. ಗೇರು ಸದ್ದು ಮಾಡಲಿಲ್ಲ. ಓಣಿಯ ತಿರುವು ದಾಟುವವರೆಗೂ ಅವನು ನೋಡುತ್ತ ನಿಂತ. ಆಮೇಲೆ ನನ್ನ ಕಡೆ ತಿರುಗಿದ. ಮೂವತ್ತು ವರ್ಷಕ್ಕೂ ಮೇಲೆ ಇದೇ ಊರಲ್ಲಿ ಬದುಕಿದವನು, ಹೊಸದಾಗಿ ಬಂದಿಳಿದವನಂತೆ ಕೇಳಿದ: "ಸಾರ್, ಎಮ್ಮಿಗನೂರು ಬಸ್ಸು ಎಲ್ಲಿ ನಿಲ್ಲತೈತ್ರಿ?"